ಹಾಲ್‌ಸ್ಟಾಟ್‌ಗೆ ಹೋದರೆ ಗುಡ್ಡ ಹತ್ತದೆ ಬರಬೇಡಿ: ಕೆಲ್ಟರ ಉಪ್ಪಿನ ಗಣಿಗಳ ಪ್ರವಾಸ

ಆಸ್ಟ್ರಿಯಾಗೆ ಹೋದ ನಮ್ಮವರೆಲ್ಲರ ಫೋನಿನಲ್ಲೂ ಹಾಲ್‌ಸ್ಟಾಟ್‌ನ ಆ ಒಂದು ಫೋಟೊ ಇರುತ್ತದೆ. ಸರೋವರ, ದಂಡೆಯಲ್ಲಿ ಚೂಪು ಗೋಪುರದ ಚರ್ಚು, ಹಿಂದೆ ಕಡಿದಾದ ಬೆಟ್ಟ. ಸಾಲ್ಜ್‌ಬರ್ಗ್‌ನಿಂದ ಟೂರ್ ಬಸ್ಸಿನಲ್ಲಿ ಬರುವುದು, ಫೋಟೊ ತೆಗೆಯುವುದು, ಐಸ್‌ಕ್ರೀಂ ತಿಂದು ಬಸ್ಸು ಹತ್ತುವುದು. ಏಳೆಂಟು ನೂರು ಜನರ ಈ ಊರಿಗೆ ಬೇಸಿಗೆಯಲ್ಲಿ ಕೆಲವು ದಿನ ಹತ್ತು ಸಾವಿರದಷ್ಟು ಪ್ರವಾಸಿಗರು ಬರುತ್ತಾರೆ. ಅಷ್ಟೂ ಜನ ಒಂದೇ ಬೀದಿಯಲ್ಲಿ ಒಂದೇ ಕಟ್ಟೆಯ ಮುಂದೆ ನಿಂತರೆ ಊರಿನವರು ಸಿಡಿಮಿಡಿಗೊಳ್ಳುವುದರಲ್ಲಿ ತಪ್ಪೇನಿಲ್ಲ.

ಆದರೆ ಫೋಟೊದಲ್ಲಿ ಹಿನ್ನೆಲೆಯಾಗಿ ಕಾಣುವ ಆ ಬೆಟ್ಟವೇ ಇಲ್ಲಿನ ನಿಜವಾದ ಆಸ್ತಿ. ಅದರ ಹೊಟ್ಟೆಯೊಳಗೆ ಉಪ್ಪು. ಕ್ರಿ.ಪೂ. 800ರಿಂದ 450ರವರೆಗಿನ ಮಧ್ಯ ಯುರೋಪಿನ ಸಂಸ್ಕೃತಿಯನ್ನು ಇತಿಹಾಸಕಾರರು ಈ ಊರಿನ ಹೆಸರಿನಿಂದಲೇ ಕರೆಯುತ್ತಾರೆ. ರೋಮನರು ಬರುವ ಮೊದಲು ಮಧ್ಯ, ಪಶ್ಚಿಮ ಯುರೋಪಿನಲ್ಲಿ ಹರಡಿದ್ದ ಕೆಲ್ಟ್ ಜನರ ಕಥೆ ಸಾಮಾನ್ಯವಾಗಿ ಶುರುವಾಗುವುದು ಇಲ್ಲಿಂದ. ಬೇರೆ ಕಡೆ ಕೆಲ್ಟರದು ಅಂತ ನೋಡಲು ಸಿಗುವುದು ಹೆಚ್ಚಾಗಿ ಸಿರಿವಂತರ ಸಮಾಧಿ. ಜರ್ಮನಿಯ ಸ್ಟುಟ್‌ಗಾರ್ಟ್ ಬಳಿಯ ಹೋಖ್‌ಡಾರ್ಫ್‌ನಲ್ಲಿ 1978-79ರಲ್ಲಿ ಅಗೆದ ನಾಯಕನ ಸಮಾಧಿಯಲ್ಲಿ ಕಂಚಿನ ಮಂಚ, ಚಿನ್ನದ ತಗಡು ಹೊದಿಸಿದ ಪಾದರಕ್ಷೆ, ಸುಮಾರು 500 ಲೀಟರ್ ಹಿಡಿಯುವ ಕೊಪ್ಪರಿಗೆ ಎಲ್ಲ ಇದ್ದವು. ಅದೂ ನೋಡಬೇಕಾದದ್ದೇ. ಆದರೆ ಅವರ ಕಾಲದಲ್ಲಿ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗುತ್ತಿದ್ದವರು ಏನು ಉಟ್ಟರು, ಏನು ಉಂಡರು, ಮಕ್ಕಳನ್ನು ಎಲ್ಲಿ ಬಿಟ್ಟರು ಅನ್ನುವುದು ಬೇಕಾದರೆ ಉಪ್ಪಿನ ಗಣಿಗೇ ಬರಬೇಕು. ಉಪ್ಪಿನಲ್ಲಿ ಯಾವುದೂ ಕೊಳೆಯುವುದಿಲ್ಲ. ಕೆಲಸಗಾರರು ಬಿಸಾಡಿದ ಚಿಂದಿ ಬಟ್ಟೆ, ಮುರಿದ ಹಿಡಿಕೆ, ಹರಿದ ಚರ್ಮ, ಕೊನೆಗೆ ಅವರ ಮಲವೂ ಎರಡೂವರೆ ಸಾವಿರ ವರ್ಷ ಹಾಗೇ ಉಳಿದಿದೆ.

ಹೋಗುವವರಿಗೆ ನನ್ನ ಮೊದಲ ಸಲಹೆ: ವಿಯೆನ್ನಾದಲ್ಲಿ ಶುರು ಮಾಡಿ, ಹಾಲ್‌ಸ್ಟಾಟ್‌ಗೆ ಬನ್ನಿ, ಸಾಲ್ಜ್‌ಬರ್ಗ್ ಪಕ್ಕದ ಹಾಲೈನ್‌ನಲ್ಲಿ ಮುಗಿಸಿ. ಹಾಲ್‌ಸ್ಟಾಟ್‌ನಲ್ಲೂ ಒಂದು ಮ್ಯೂಸಿಯಂ ಇದೆ, ಚೆನ್ನಾಗಿಯೂ ಇದೆ. ಆದರೆ ಅಲ್ಲಿ ಅಗೆದು ತೆಗೆದ ಮುಖ್ಯ ವಸ್ತುಗಳಲ್ಲಿ ಬಹುಪಾಲು ಇರುವುದು ವಿಯೆನ್ನಾದ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ. ಅದಕ್ಕೆ ಮಂಗಳವಾರ ರಜೆ, ಮರೆಯಬೇಡಿ. ಎಲ್ಲರೂ ವಿಲೆನ್‌ಡಾರ್ಫ್‌ನ ಪುಟ್ಟ ವೀನಸ್ ಮೂರ್ತಿಯ ಮುಂದೆ ಗುಂಪುಗಟ್ಟಿರುತ್ತಾರೆ. ಅದನ್ನು ನೋಡಿಕೊಂಡು ಅದೇ ಪ್ರಾಗೈತಿಹಾಸಿಕ ವಿಭಾಗದ ಹಾಲ್‌ಸ್ಟಾಟ್ ಕೋಣೆಗೆ ಹೋಗಿ, ಒಂದು ಗಂಟೆಯಾದರೂ ಕೊಡಿ.

ಅಲ್ಲಿ ಕತ್ತಿಯ ಒಂದು ಕಂಚಿನ ಒರೆ ಇದೆ. ಗಾಜಿಗೆ ಮೂಗು ತಾಗಿಸಿಯೇ ನೋಡಬೇಕು, ಯಾಕೆಂದರೆ ಕೆತ್ತನೆ ಕೂದಲೆಳೆಯಷ್ಟು ಸಣ್ಣದು. ಸಾಲಾಗಿ ಕುದುರೆ ಸವಾರರು, ಈಟಿ ಗುರಾಣಿ ಹಿಡಿದ ಕಾಲಾಳುಗಳು, ನೆಲಕ್ಕೆ ಬಿದ್ದ ಒಬ್ಬ, ಎರಡೂ ತುದಿಯಲ್ಲಿ ಚಕ್ರ ಹಿಡಿದು ನಿಂತ ಜೋಡಿಗಳು. ಸವಾರರ ಷರಾಯಿಯ ಮೇಲಿನ ನಮೂನೆಯನ್ನೂ ಬಿಟ್ಟಿಲ್ಲ. ಗ್ರೀಕರು, ರೋಮನರು ಕೆಲ್ಟರ ಬಗ್ಗೆ ಬರೆದದ್ದು ಬೇಕಾದಷ್ಟಿದೆ. ಇದು ಅವರೇ ತಮ್ಮನ್ನು ಬಿಡಿಸಿಕೊಂಡ ಚಿತ್ರ. ಅದೇ ಕೋಣೆಯಲ್ಲಿ ಹಿಡಿಕೆಯ ಜಾಗದಲ್ಲಿ ಹಸು, ಅದರ ಹಿಂದೆ ಕರು ಇರುವ ಕಂಚಿನ ಪಾತ್ರೆ ಇದೆ. ದಂತದ ಹಿಡಿಗೆ ಅಂಬರ್ (ಕಲ್ಲಿನಂತೆ ಗಟ್ಟಿಯಾದ ಮರದ ಅಂಟು) ಕೂರಿಸಿದ ಕತ್ತಿಯೂ ಇದೆ. ಅಂಬರ್ ಬಾಲ್ಟಿಕ್ ಕಡೆಯದು, ದಂತ ಆಫ್ರಿಕಾದ್ದು. ಎಮ್ಮೆಯೂ ಹತ್ತಲು ಒಲ್ಲದ ಬೆಟ್ಟದ ಮೇಲಿನ ಜನರಿಗೆ ಇದೆಲ್ಲ ಸಿಕ್ಕಿದ್ದು ಉಪ್ಪು ಮಾರಿ.

ವಿಯೆನ್ನಾದಿಂದ ರೈಲಿನಲ್ಲಿ ಆಟ್‌ನಾಂಗ್-ಪುಖ್‌ಹೈಮ್‌ನಲ್ಲಿ ಬದಲಿಸಿಕೊಂಡು ಹಾಲ್‌ಸ್ಟಾಟ್‌ಗೆ ಸುಮಾರು ಮೂರೂವರೆ ಗಂಟೆ. ಸಾಲ್ಜ್‌ಬರ್ಗ್ ಕಡೆಯಿಂದಾದರೆ ಬಸ್ಸಿನಲ್ಲಿ ಬಾಡ್ ಇಶ್ಲ್‌ವರೆಗೆ ಬಂದು ಅಲ್ಲಿ ರೈಲು ಹಿಡಿಯಿರಿ. ರೈಲು ನಿಲ್ದಾಣ ಸರೋವರದ ಆಚೆ ದಡದಲ್ಲಿದೆ, ಊರು ಈಚೆ. ಮಧ್ಯೆ ಪುಟ್ಟ ದೋಣಿ ಓಡಾಡುತ್ತದೆ, ಅದು ರೈಲಿನ ಹೊತ್ತಿಗೆ ಹೊಂದಿಸಿಕೊಂಡು ಹೊರಡುತ್ತದೆ. ಟಿಕೆಟ್ ಬೇರೆ, ಕೈಯಲ್ಲಿ ಒಂದಿಷ್ಟು ನಗದು ಇರಲಿ. ರಾತ್ರಿಯ ಕೊನೆಯ ರೈಲುಗಳಿಗೆ ದೋಣಿ ಇರುವುದಿಲ್ಲ. ಸಂಜೆ ತಡವಾಗಿ ಇಳಿದರೆ ಎದುರಿಗೆ ದೀಪ ಹತ್ತಿಕೊಂಡ ಊರು ಕಾಣುತ್ತದೆ, ಹೋಗಲು ದಾರಿ ಇರುವುದಿಲ್ಲ. ಊರೊಳಗೆ ರೂಮುಗಳು ದುಬಾರಿ. ಪಕ್ಕದ ಓಬರ್‌ಟ್ರೌನ್‌ನಲ್ಲೋ ಬಾಡ್ ಗೋಯ್ಸರ್ನ್‌ನಲ್ಲೋ ಉಳಿದರೆ ಜೇಬಿಗೂ ಹಗುರ, ಬೆಳಿಗ್ಗೆ ಟೂರ್ ಬಸ್ಸುಗಳು ಬರುವ ಮುಂಚೆ ಗುಡ್ಡ ಹತ್ತಲೂ ಅನುಕೂಲ.

ಮೇಲಕ್ಕೆ ಹಳಿ ಮೇಲೆ ಏರುವ ಕೇಬಲ್ ಬಂಡಿ ಇದೆ. ಚಳಿಗಾಲದಲ್ಲೂ ದುರಸ್ತಿ ಇರುವಾಗಲೂ ಅದನ್ನೂ ಗಣಿಯನ್ನೂ ಮುಚ್ಚುತ್ತಾರೆ. ವಿಮಾನದ ಟಿಕೆಟ್ ತೆಗೆಯುವ ಮೊದಲೇ ಅವರ ವೆಬ್‌ಸೈಟ್ ನೋಡಿ. ನಡೆದು ಹತ್ತುವ ದಾರಿಯೂ ಇದೆ, ಮಂಡಿ ಗಟ್ಟಿ ಇರುವವರಿಗೆ. ಮೇಲೆ ಇಳಿದ ಕೂಡಲೇ ಎಲ್ಲರೂ ಸರೋವರ ಕಾಣುವ ಕಟ್ಟೆಗೆ ಓಡುತ್ತಾರೆ. ಊರಿಗಿಂತ ಸುಮಾರು 350 ಮೀಟರ್ ಎತ್ತರ, ನೋಟ ನಿಜಕ್ಕೂ ಚೆನ್ನ. ನೋಡಿಕೊಂಡು ಗಣಿಯ ಕಡೆಗೆ ನಡೆಯುವಾಗ ಮಾತ್ರ ನಿಧಾನಿಸಿ. ದಾರಿಯ ಪಕ್ಕದ ಹುಲ್ಲುಗಾವಲೇ ಆ ಪ್ರಸಿದ್ಧ ಸ್ಮಶಾನ. ಯೋಹಾನ್ ಗೇಯೋರ್ಗ್ ರಾಮ್‌ಸೌವರ್ ಎಂಬ ಗಣಿ ಅಧಿಕಾರಿ 1846ರಲ್ಲಿ ಇಲ್ಲಿ ಅಗೆಯಲು ಶುರು ಮಾಡಿ 1863ರವರೆಗೆ 980 ಸಮಾಧಿಗಳನ್ನು ತೆರೆದ. ಪುರಾತತ್ವ ಅನ್ನುವ ವಿದ್ಯೆಯೇ ಇನ್ನೂ ಕಣ್ಣು ಬಿಡುತ್ತಿದ್ದ ಕಾಲ. ಆದರೂ ಪ್ರತಿ ಸಮಾಧಿಯಲ್ಲಿ ಯಾವ ವಸ್ತು ಎಲ್ಲಿತ್ತು ಎಂದು ಬಣ್ಣದ ಚಿತ್ರ ಬರೆಸಿಟ್ಟ. ಕೆಲವರನ್ನು ಸುಟ್ಟು ಬೂದಿ ಹೂತಿದ್ದಾರೆ, ಕೆಲವರನ್ನು ಹಾಗೇ ಮಣ್ಣು ಮಾಡಿದ್ದಾರೆ. ಒಂದೇ ಸ್ಮಶಾನ, ಎರಡು ಪದ್ಧತಿ.

ಈ ಸ್ಮಶಾನದ ವಿಶೇಷವೆಂದರೆ ಹೋಖ್‌ಡಾರ್ಫ್‌ನಂತೆ ಒಬ್ಬನೇ ದೊರೆ, ಉಳಿದವರೆಲ್ಲ ಬರಿಗೈ ಅನ್ನುವ ಹಾಗಿಲ್ಲ. ಗಂಡಸರ ಪಕ್ಕದಲ್ಲಿ ಆಯುಧ, ಹೆಂಗಸರ ಮೈಮೇಲೆ ಕಂಚಿನ ಡಾಬು, ಬಳೆ, ಪಿನ್ನು. ಅನುಕೂಲವಂತರು ಬಹಳ ಮಂದಿ. ಆದರೆ ಇಲ್ಲಿನ ಮೂಳೆಗಳನ್ನು ಪರೀಕ್ಷಿಸಿದವರಿಗೆ ಸಿಕ್ಕಿದ್ದು ದುಡಿದು ಸವೆದ ಮೈಗಳು. ಗಂಡಸರದು ಪಿಕಾಸಿ ಬೀಸಿದ ಭುಜ. ಹೆಂಗಸರದು ಒಂದೇ ಕಡೆಯ ಹೆಗಲಿಗೆ ಭಾರ ಹೊತ್ತ ಗುರುತು. ಮಕ್ಕಳ ಕತ್ತಿನ ಮೂಳೆಯಲ್ಲೂ ಸವೆತ, ತಲೆಯ ಮೇಲೆ ಹೊರೆ ಹೊತ್ತವರಂತೆ. ಒಡವೆ ಇದ್ದ ಜನ, ದುಡಿಯದೆ ಕೂತ ಜನ ಅಲ್ಲ. ನಮ್ಮಲ್ಲಿ ಪುರಾತನ ಸಮಾಜ ಅಂದ ಕೂಡಲೇ ಮೇಲೆ ರಾಜ, ಕೆಳಗೆ ಆಳು ಅಂತ ಒಂದು ಚಿತ್ರ ತಲೆಯಲ್ಲಿ ಸಿದ್ಧವಾಗಿರುತ್ತದಲ್ಲ, ಅದು ಇಲ್ಲಿ ಕೂರುವುದಿಲ್ಲ.

ಈಗ ಗಣಿ. ಒಳಗೆ ವರ್ಷವಿಡೀ ಸುಮಾರು 8 ಡಿಗ್ರಿ, ಜೂನ್‌ನಲ್ಲೂ ಸ್ವೆಟರ್ ಬೇಕು. ಬಟ್ಟೆಯ ಮೇಲೆ ಹಾಕಿಕೊಳ್ಳಲು ಗಣಿಗಾರರ ಅಂಗಿ, ಷರಾಯಿ ಅವರೇ ಕೊಡುತ್ತಾರೆ. ಹಾಗಾಗಿ ಸೀರೆ ಉಟ್ಟು ಬರಬೇಡಿ, ಚೂಡಿದಾರವೋ ಪ್ಯಾಂಟೋ ಇರಲಿ. ನಾಲ್ಕು ವರ್ಷದೊಳಗಿನ ಮಕ್ಕಳನ್ನು ಬಿಡುವುದಿಲ್ಲ. ಒಂದೂವರೆ ಗಂಟೆಯ ಸುತ್ತು, ನಡಿಗೆ ಇದೆ, ಮೆಟ್ಟಿಲಿದೆ. ಮಧ್ಯೆ ಮರದ ಜಾರುಬಂಡಿಗಳು, ದೊಡ್ಡದು 64 ಮೀಟರ್ ಉದ್ದ. ಬೇಡವೆಂದವರಿಗೆ ಪಕ್ಕದಲ್ಲೇ ಮೆಟ್ಟಿಲು. ನಮ್ಮತ್ತೆ ಮಂಡಿನೋವಿನವರು, ಮೆಟ್ಟಿಲಿಳಿಯುತ್ತೇನೆಂದು ಹೊರಟವರು ಕೊನೇ ಗಳಿಗೆಯಲ್ಲಿ ಜಾರಿಯೇ ಬಿಟ್ಟರು.

ಒಳಗೆ ನೋಡಲೇಬೇಕಾದದ್ದು ಒಂದು ಮರದ ಏಣಿಮೆಟ್ಟಿಲು. 2003ರಲ್ಲಿ ಸಿಕ್ಕಿತು. ಮರದ ಉಂಗುರ ಎಣಿಸಿ ಕ್ರಿ.ಪೂ. 14ನೇ ಶತಮಾನದ್ದೆಂದು ಹೇಳಿದ್ದಾರೆ, ಅಂದರೆ ಕೆಲ್ಟರಿಗಿಂತಲೂ ಐದಾರು ನೂರು ವರ್ಷ ಹಿಂದಿನದು. ಇಳಿಜಾರು ಹೇಗೇ ಇರಲಿ, ಹೆಜ್ಜೆಯಿಡುವ ಹಲಗೆ ಸಮನಾಗಿ ನಿಲ್ಲುವಂತೆ ಹೊಂದಿಸಿಕೊಳ್ಳಬಹುದಾದ ರಚನೆ. ಕೆಲ್ಟರ ಕಾಲದ ಗಣಿಗಾರರು ಗೋಡೆಯಲ್ಲಿ ಹೃದಯದಾಕಾರದ ಗೆರೆ ಕೊರೆದು ಉಪ್ಪನ್ನು ದೊಡ್ಡ ತುಂಡುಗಳಾಗಿ ಎಬ್ಬಿಸುತ್ತಿದ್ದರು. ಬೆಳಕಿಗೆ ಮರದ ಸಿಬರಿನ ಕಟ್ಟು ಉರಿಸುತ್ತಿದ್ದರು. ಅರ್ಧ ಉರಿದ ಸಿಬರುಗಳು ಉಪ್ಪಿನೊಳಗೆ ರಾಶಿರಾಶಿಯಾಗಿ ಹೂತುಹೋಗಿವೆ. ಗೈಡ್ ಮಕ್ಕಳ ಪಾದಕ್ಕೆ ಹೊಂದುವ ಚರ್ಮದ ಪಾದರಕ್ಷೆ ಸಿಕ್ಕಿದ್ದನ್ನು ಹೇಳಿದಾಗ ಅತ್ತೆ ನನ್ನ ಕಡೆ ತಿರುಗಿ, “ಈ ಚಳೀಲಿ ಮಕ್ಕಳನ್ನೂ ಒಳಗೆ ಕರ್ಕೊಂಡು ಬರ್ತಿದ್ರಾ? ಕೇಳೇ ಅವನ್ನ” ಅಂದರು. ಕೇಳಿದೆ. ಮನೆಮಂದಿಯೆಲ್ಲ ಕೆಲಸ ಮಾಡುತ್ತಿದ್ದರು ಅನ್ನುವುದೇ ಉತ್ತರ. “ಅಡುಗೆ ಯಾರು ಮಾಡೋರು ಮತ್ತೆ?” ಅದನ್ನು ನಾನು ಅನುವಾದಿಸಲಿಲ್ಲ. ಆದರೆ ಪ್ರಶ್ನೆ ಸರಿಯಾಗಿಯೇ ಇತ್ತು.

ಅಡುಗೆ ಏನೆಂಬುದಂತೂ ಗೊತ್ತು. ಆ ಉಪ್ಪಾದ ಮಲದ ಪರೀಕ್ಷೆಯಲ್ಲಿ ಬಾರ್ಲಿ, ನವಣೆಯಂಥ ಸಿರಿಧಾನ್ಯ, ಗೋಧಿಯ ಹಳೆಯ ತಳಿಗಳು, ದಪ್ಪ ಅವರೆಯಂಥ ಕಾಳು ಸಿಕ್ಕಿವೆ. 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಸುಮಾರು 2700 ವರ್ಷ ಹಳೆಯ ಮಾದರಿಯೊಂದರಲ್ಲಿ ನೀಲಿ ಚೀಸ್‌ನ ಬೂಷ್ಟು ಮತ್ತು ಬಿಯರ್‌ನ ಯೀಸ್ಟ್ ಎರಡನ್ನೂ ಗುರುತಿಸಿತು. ಜೊತೆಗೆ ಹೊಟ್ಟೆಹುಳುವಿನ ಮೊಟ್ಟೆಗಳೂ ಇವೆ, ಪಾಪ. ಬಾರ್ಲಿ, ಕಾಳು, ಹಂದಿ ಮಾಂಸ ಹಾಕಿ ಕುದಿಸುವ ರಿಟ್ಶರ್ಟ್ ಎಂಬ ಗಟ್ಟಿ ಸಾರು ಆಸ್ಟ್ರಿಯಾದಲ್ಲಿ ಇಂದಿಗೂ ಮಾಡುತ್ತಾರೆ. ಸಸ್ಯಾಹಾರಿಗಳು ಎಚ್ಚರ: ನೋಡಲು ಹುಳಿಯಂತೆ ಕಂಡರೂ ಒಳಗೆ ಹೊಗೆಯಾಡಿಸಿದ ಹಂದಿ ಇರುತ್ತದೆ. ಕಾಸ್‌ನೋಕನ್ ಎಂಬ ಚೀಸ್ ಖಾದ್ಯ ನಿಮಗೆ ಆಗಬಹುದು, ಮೇಲೆ ಬೇಕನ್ ಉದುರಿಸಬೇಡಿ ಎಂದು ಹೇಳಿಯೇ ಆರ್ಡರ್ ಮಾಡಿ. ಚೀಸ್ ಉಂಡೆ ತೇಲುವ ಸೂಪಿನ ನೀರು ಸಾಮಾನ್ಯವಾಗಿ ದನದ ಮೂಳೆಯದು. ಪುಳಿಯೋಗರೆ ಗೊಜ್ಜು ಒಯ್ದವರು ಜಾಣರು.

ಬಟ್ಟೆಯ ವಿಷಯ ಹೇಳದೆ ಬಿಡಲಾರೆ. ಗಣಿಯಲ್ಲಿ ಸಿಕ್ಕ ಉಣ್ಣೆ ಚಿಂದಿಗಳಲ್ಲಿ ಚೌಕಳಿ ಇದೆ, ನೀಲಿ, ಹಳದಿ, ಹಸಿರು ಇದೆ, ಬಿಲ್ಲೆಗಳಿಂದ ನೇಯ್ದ ಸಣ್ಣ ಅಂಚುಪಟ್ಟಿಗಳಿವೆ. ನೀಲಿ ಬಂದದ್ದು ವೋಡ್ ಎಂಬ ಗಿಡದಿಂದ; ಬಣ್ಣ ಕೊಡುವ ವಸ್ತು ನಮ್ಮ ನೀಲಿ ಗಿಡದ್ದೇ. ಹರಿದ ಮೇಲೆ ಅದೇ ಬಟ್ಟೆಯನ್ನು ಪಟ್ಟಿಯಾಗಿ ಸೀಳಿ ಹಿಡಿಕೆ ಕಟ್ಟಲು ಬಳಸಿದ್ದಾರೆ. ವಿಯೆನ್ನಾದಲ್ಲಿ ಅಂಗೈಯಗಲದ ಇಂಥ ಒಂದು ತುಂಡಿನ ಮುಂದೆ ನಾನು ಕತ್ತಿ, ಒಡವೆಗಳಿಗಿಂತ ಹೆಚ್ಚು ಹೊತ್ತು ನಿಂತಿದ್ದೆ.

ಕೆಳಗಿಳಿದ ಮೇಲೆ ಕ್ಯಾಥೊಲಿಕ್ ಚರ್ಚಿನ ಹಿಂದಿನ ಬಣ್ಣ ಬಳಿದ ತಲೆಬುರುಡೆಗಳ ಕೋಣೆಗೆ ಹೋಗಬಹುದು. ಅದು ಕ್ರೈಸ್ತ ಕಾಲದ್ದು, ಕೆಲ್ಟರಿಗೆ ಸಂಬಂಧವಿಲ್ಲ. ಅಂಗಡಿಗಳಲ್ಲಿ ಮಾರುವ ಡ್ರೂಯಿಡ್ ಗೊಂಬೆಗಳಿಗೂ ಇಲ್ಲಿನ ಗಣಿಗೂ ಹಾಗೆಯೇ. ಕೆಲ್ಟರ ಪುರೋಹಿತರಾದ ಡ್ರೂಯಿಡರ ವಿಷಯ ನಮಗೆ ಹೆಚ್ಚಾಗಿ ಗೊತ್ತಿರುವುದು ಜೂಲಿಯಸ್ ಸೀಸರ್‌ನಿಂದ. ಗಾಲ್ ಪ್ರಾಂತ್ಯದಲ್ಲಿ ಲೆಕ್ಕಕ್ಕಿರುವವರು ಡ್ರೂಯಿಡರು ಮತ್ತು ಕುದುರೆ ಸವಾರ ಕುಲೀನರು, ಸಾಮಾನ್ಯರ ಪಾಡು ಗುಲಾಮರಂತೆ ಎಂದು ಅವನು ಬರೆದ. ಡ್ರೂಯಿಡ್ ವಿದ್ಯೆಯನ್ನು ಬರೆದಿಡದೆ ಬಾಯಿಪಾಠ ಮಾಡಬೇಕು, ಕೆಲವರು 20 ವರ್ಷ ಕಲಿಯುತ್ತಾರೆ ಎಂದೂ ಹೇಳುತ್ತಾನೆ. ಅದು ಕ್ರಿ.ಪೂ. ಮೊದಲನೇ ಶತಮಾನದ ಫ್ರಾನ್ಸ್, ಬರೆದವನು ಅದನ್ನು ಗೆಲ್ಲಲು ಹೋದ ಸೇನಾಪತಿ. ಐನೂರು ವರ್ಷ ಹಿಂದಿನ ಆಲ್ಪ್ಸ್ ಗಣಿಗಾರರಿಗೆ ಅದನ್ನು ಅಂಟಿಸುವ ಗೈಡ್‌ಗಳು ಸಿಗುತ್ತಾರೆ, ತಲೆಯಾಡಿಸಿ ಮುಂದೆ ನಡೆಯಿರಿ.

ಹಾಲೈನ್ ಸಾಲ್ಜ್‌ಬರ್ಗ್‌ನಿಂದ ಲೋಕಲ್ ರೈಲಿನಲ್ಲಿ ಅರ್ಧ ಗಂಟೆಯೂ ಇಲ್ಲ. ಜನಜಂಗುಳಿ ಇಲ್ಲ, ಕಾಫಿಯೂ ಅಗ್ಗ. ನದಿ ದಂಡೆಯ ಕೆಲ್ಟ್ ಮ್ಯೂಸಿಯಂನಲ್ಲಿ ಡ್ಯುರ್ನ್‌ಬರ್ಗ್ ಎಂಬ ಉಪ್ಪಿನ ಗುಡ್ಡದ ಸಮಾಧಿಗಳ ವಸ್ತುಗಳಿವೆ. ಎಲ್ಲಕ್ಕಿಂತ ಹೆಸರಾದದ್ದು 1932ರಲ್ಲಿ ಸಿಕ್ಕ, ಕೊಕ್ಕಿನಂಥ ಮೂತಿಯ ಕಂಚಿನ ಹೂಜಿ. ಆಕಾರ ಇಟಲಿಯ ಎಟ್ರುಸ್ಕನರಿಂದ ಕಲಿತದ್ದು, ಮೇಲೆ ಕೂತ ವಿಚಿತ್ರ ಮೃಗಗಳು ಕೆಲ್ಟರದೇ. ಹಾಲ್‌ಸ್ಟಾಟ್‌ನ ವ್ಯಾಪಾರವನ್ನು ಕ್ರಮೇಣ ಕಸಿದುಕೊಂಡದ್ದು ಈ ಗುಡ್ಡವೇ. ಇಲ್ಲಿನ ಗಣಿಯಲ್ಲಿ ಬೋಖುಮ್‌ನ ಗಣಿಗಾರಿಕೆ ಮ್ಯೂಸಿಯಂನವರಿಗೆ ಮಗುವಿನ ಚರ್ಮದ ಬೂಟೊಂದು ಸಿಕ್ಕಿದ್ದು 2023ರಲ್ಲಿ ಸುದ್ದಿಯಾಯಿತು: ಕ್ರಿ.ಪೂ. ಎರಡನೇ ಶತಮಾನದ್ದು, ಯುರೋಪಿನ 30ನೇ ಸೈಜು, ಅಗಸೆ ನಾರಿನ ಲೇಸಿನ ಸಮೇತ.

ಊರಿನಿಂದ ಡ್ಯುರ್ನ್‌ಬರ್ಗ್‌ಗೆ ಬಸ್ಸಿದೆ. ಮೇಲಿನ ಗಣಿ ಪ್ರವಾಸ ಮಕ್ಕಳಿಗೆ ಹಾಲ್‌ಸ್ಟಾಟ್‌ಗಿಂತ ಹೆಚ್ಚು ಹಿಡಿಸುತ್ತದೆ: ಪುಟ್ಟ ರೈಲು, ಜಾರುಬಂಡಿ, ಉಪ್ಪುನೀರಿನ ಕೆರೆಯಲ್ಲಿ ತೆಪ್ಪ, ನೆಲದಡಿಯಲ್ಲೇ ಜರ್ಮನಿಯ ಗಡಿ ದಾಟುವುದು. ಹೊರಗೆ ಕೆಲ್ಟರ ಮನೆಗಳ ಮಾದರಿ ಹಳ್ಳಿಯಿದೆ. ದೊಡ್ಡವರಿಗೆ ಒಂದನ್ನೇ ಆರಿಸಿಕೊಳ್ಳಬೇಕಾದರೆ ಗಣಿ ಹಾಲ್‌ಸ್ಟಾಟ್‌ನದು, ಮ್ಯೂಸಿಯಂ ಹಾಲೈನ್‌ನದು.

ಸಾಲ್ಜ್‌ಬರ್ಗ್ ಪ್ರಾಂತ್ಯದಲ್ಲಿ ತಂಗುವವರಿಗೆ ಹೋಟೆಲಿನವರೇ ಬಸ್ಸು ರೈಲಿಗೆ ಆಗುವ ಅತಿಥಿ ಟಿಕೆಟ್ ಕೊಡುತ್ತಾರೆ, ಕೇಳಿ ಪಡೆಯಿರಿ. ಹಾಲೈನ್‌ಗೆ ಆಗುತ್ತದೆ, ಹಾಲ್‌ಸ್ಟಾಟ್ ಬೇರೆ ಪ್ರಾಂತ್ಯ. ಮ್ಯೂನಿಕ್‌ನಲ್ಲಿರುವ ಕನ್ನಡಿಗರಿಗೆ ಬಯರ್ನ್ ಟಿಕೆಟ್ ಸಾಲ್ಜ್‌ಬರ್ಗ್ ನಿಲ್ದಾಣದವರೆಗೂ ನಡೆಯುತ್ತದೆ, ವಾರದ ದಿನ ಬೆಳಿಗ್ಗೆ ಒಂಬತ್ತರ ನಂತರ. ಭಾನುವಾರ ಅಂಗಡಿಗಳು ಬಾಗಿಲು ಹಾಕಿರುತ್ತವೆ, ಹಾಲು ಮೊಸರು ಶನಿವಾರವೇ ತಂದಿಟ್ಟುಕೊಳ್ಳಿ.