ಆಟದ ಗೇಟಿನಲ್ಲಿ ಮಗುವಿನ ಬೆರಳು

ತೀರ್ಥಹಳ್ಳಿ ಹತ್ತಿರದ ಸೊಸೈಟಿಯೊಂದರಲ್ಲಿ ರೇಷನ್ ಕೊಡುವುದು ನನ್ನ ಕೆಲಸ. ಅಂದರೆ ಊರವರ ಹೆಬ್ಬೆಟ್ಟು ನೋಡುವುದೇ ಕೆಲಸ ಅನ್ನಿ. ಅಡಿಕೆ ಕೊಯ್ಲಿನ ಸಮಯದಲ್ಲಂತೂ ಮಷಿನ್ ಜೊತೆ ಏಗುವುದು ಯಾರಿಗೂ ಬೇಡ. ಮೆಟ್ಟುಗತ್ತಿ ಮುಂದೆ ಕೂತು ಸುಲಿದ ಕೈ ಕಪ್ಪಾಗಿರುತ್ತದೆ, ಬೆರಳ ತುದಿ ಸವೆದಿರುತ್ತದೆ. ಸೆರಗಿಗೆ ಒರೆಸಿ ಒತ್ತುತ್ತಾರೆ, ಆಗಲ್ಲ. ಇನ್ನೊಂದು ಬೆರಳು ಇಡುತ್ತಾರೆ, ಅದೂ ಆಗಲ್ಲ. "ನನ್ನ ಕೈ ನಂದಲ್ಲ ಅಂತದಲ್ಲ ಮಾರಾಯ ಇದು" ಅಂತ ಒಬ್ಬರು ಅಜ್ಜಿ ಮಷಿನ್ನಿಗೇ ಬೈದಿದ್ದರು. ಕೊನೆಗೆ ಮೊಬೈಲಿಗೆ ಒಟಿಪಿ ತರಿಸಿ ಅಕ್ಕಿ ಕೊಟ್ಟೆ.

ಹಾಗಾಗಿ ಬೆರಳು ಅಂದ ಕೂಡಲೇ ನನ್ನ ಕಿವಿ ನೆಟ್ಟಗಾಗುತ್ತದೆ. ಅಮೆರಿಕದಲ್ಲಿರುವ ತಂಗಿ ಮಗಳು ಮೊನ್ನೆ ಫೋನಿನಲ್ಲಿ ಫ್ಲಾರಿಡಾದ ಡಿಸ್ನಿ ವರ್ಲ್ಡ್ ಅನ್ನುವ ದೊಡ್ಡ ಆಟದ ಪಾರ್ಕಿನ ಕಥೆ ಹೇಳುತ್ತಿದ್ದಳು. ಒಳಗೆ ಹೋಗುವಾಗ ಟಿಕೆಟ್ ತೋರಿಸಿ ಬೆರಳೂ ಇಡಬೇಕಂತೆ. "ಪುಟ್ಟಿನೂ ಇಟ್ಟಳು ಮಾವ, ಅವಳಿಗೆ ಅದೇ ಒಂದು ಆಟ" ಅಂದಳು. ಪುಟ್ಟಿ ಅಂದರೆ ಅವಳ ಮಗಳು, 4 ವರ್ಷ.

"ಯಾಕೆ ಅಂತ ಕೇಳಿದ್ಯಾ?"

"ಹಿಂದೆ ಅಷ್ಟುದ್ದ ಸಾಲು. ಎಲ್ಲರೂ ಇಡ್ತಿದ್ರು, ನಾವೂ ಇಟ್ವಿ."

ಯಾಕೆ ಅನ್ನುವುದೇನೂ ಕಷ್ಟದ ಲೆಕ್ಕ ಅಲ್ಲ. ಅಲ್ಲಿ ಜಾಸ್ತಿ ದಿನದ ಟಿಕೆಟ್ ತಗೊಂಡರೆ ದಿನದ ಲೆಕ್ಕದಲ್ಲಿ ಅಗ್ಗ ಬೀಳುತ್ತದೆ. 5 ದಿನದ ಟಿಕೆಟ್ ತಗೊಂಡು 3 ದಿನ ಆಡಿ, ಉಳಿದದ್ದನ್ನು ಬೇರೆಯವರಿಗೆ ಮಾರಿಬಿಟ್ಟರೆ? ಮೊದಲ ದಿನ ಬಂದವರೇ ಮರುದಿನವೂ ಬಂದಿದ್ದಾರಾ ಅಂತ ಬೆರಳು ನೋಡುವುದು ಅದಕ್ಕೆ. ಮೊದಲು 10 ವರ್ಷದೊಳಗಿನ ಮಕ್ಕಳನ್ನು ಬಿಟ್ಟಿದ್ದರು. 2016ರಲ್ಲಿ 3 ವರ್ಷದವರಿಂದಲೇ ಶುರು ಮಾಡಿದರು. ಅದಕ್ಕಿಂತ ಚಿಕ್ಕವರಿಗೆ ಟಿಕೆಟ್ಟೇ ಬೇಡ, ಹಾಗಾಗಿ ಬೆರಳೂ ಬೇಡ. ಅಂಗಡಿ ನಡೆಸುವವನಾಗಿ ಇದು ನನಗೆ ಅರ್ಥವಾಗುತ್ತದೆ. ಒಬ್ಬರ ಕಾರ್ಡಿನ ಅಕ್ಕಿ ಇನ್ನೊಬ್ಬರು ಒಯ್ಯಬಾರದು ಅಂತಲೇ ಅಲ್ವಾ ನಮ್ಮಲ್ಲೂ ಮಷಿನ್ ಬಂದದ್ದು.

ಬೆರಳಿನ ಚಿತ್ರ ಇಟ್ಟುಕೊಳ್ಳುವುದಿಲ್ಲ, ಅದನ್ನೊಂದು ಸಂಖ್ಯೆ ಮಾಡಿ ಚಿತ್ರವನ್ನು ಅಳಿಸುತ್ತೇವೆ ಅನ್ನುತ್ತದೆ ಡಿಸ್ನಿ. ಸರಿ. ಆದರೆ ಆ ಸಂಖ್ಯೆಯಿಂದ ನಾಳೆ ಅದೇ ಮಗುವನ್ನು ಗುರುತು ಹಿಡಿಯಬಹುದು. ಅದಕ್ಕೇ ತಾನೇ ಮಾಡಿದ್ದು? ಟಿಕೆಟ್ ಕಳೆದರೆ ಇನ್ನೊಂದು ಸಿಗುತ್ತದೆ. ಬೆರಳಿನ ಗುರುತು ಇನ್ಯಾರ ಕೈಗೋ ಹೋದರೆ ಬೇರೆ ಬೆರಳು ಎಲ್ಲಿಂದ ತರೋದು?

ನಮ್ಮ ಆಧಾರ್ ಕೂಡ 5 ವರ್ಷದೊಳಗಿನ ಮಕ್ಕಳ ಬೆರಳು ಕೇಳುವುದಿಲ್ಲ. ಅಪ್ಪ ಇಲ್ಲವೇ ಅಮ್ಮನ ಆಧಾರಿಗೆ ಜೋಡಿಸಿ, ಮಗುವಿನ ಫೋಟೋ ತೆಗೆದು ನಂಬರ್ ಕೊಡುತ್ತಾರೆ. 5 ತುಂಬಿದ ಮೇಲೆ ಒಮ್ಮೆ, 15 ಆದ ಮೇಲೆ ಮತ್ತೊಮ್ಮೆ ಬೆರಳು, ಕಣ್ಣು ಕೊಡಬೇಕು. ಬದುಕಿಡೀ ಬೇಕಾಗುವ ನಂಬರಿಗೇ ಅಷ್ಟು ಕಾಯುತ್ತಾರೆ. ಎರಡು ದಿನ ಆಡಿ ಬರಲು 3 ವರ್ಷಕ್ಕೇ ಬೇಕಾ?

ಮಗುವಿನ ಬದಲು ಅಪ್ಪ ಅಮ್ಮ ತಮ್ಮ ಬೆರಳು ಇಡಬಹುದು ಅಂತ 2016ರಲ್ಲೇ ಡಿಸ್ನಿ ಹೇಳಿತ್ತು. ಇದನ್ನು ಹೇಳಿದಾಗ ತಂಗಿ ಮಗಳು, "ಹೌದಾ? ಹಾಗಾದ್ರೆ ಇವರದ್ದೇ ಇಡಿಸಬಹುದಿತ್ತು" ಅಂದಳು. ಗಂಡನ ಬೆರಳಿಗೆ ಅವಳ ಹತ್ತಿರ ಬೆಲೆ ಸ್ವಲ್ಪ ಕಡಿಮೆಯೇ ಇರಬೇಕು.

ಅದೇ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಇನ್ನೊಂದು ಕಥೆ ನಡೆದಿದೆ. 2014ರಲ್ಲಿ 14 ವರ್ಷದ ಹುಡುಗನೊಬ್ಬ ಶಾಲೆಯ ಪ್ರವಾಸಕ್ಕೆಂದು ಸಿಕ್ಸ್ ಫ್ಲ್ಯಾಗ್ಸ್ ಪಾರ್ಕಿಗೆ ಹೋದ. ಸೀಸನ್ ಪಾಸಿಗೆ ಅಮ್ಮ ಮನೆಯಿಂದಲೇ ದುಡ್ಡು ಕಟ್ಟಿದ್ದರು. ಅಲ್ಲಿ ಅವನ ಹೆಬ್ಬೆರಳಿನ ಗುರುತು ತಗೊಂಡರು. ಮನೆಗೆ ಬಂದಾಗ ಅಮ್ಮ ಪಾಸಿನ ಕಾಗದಪತ್ರ ಎಲ್ಲಿ ಅಂತ ಕೇಳಿದರೆ, ಈಗ ಎಲ್ಲ ಬೆರಳಲ್ಲೇ, ಕಾಗದ ಏನೂ ಕೊಡಲಿಲ್ಲ ಅಂದ. ಅಮ್ಮ ಕೋರ್ಟಿಗೆ ಹೋದರು. ಬೆರಳಿನ ಗುರುತು ಪಡೆಯುವ ಮೊದಲು ಬರಹದಲ್ಲಿ ತಿಳಿಸಿ ಒಪ್ಪಿಗೆ ಪಡೆಯಬೇಕು ಅಂತ ಆ ರಾಜ್ಯದಲ್ಲಿ 2008ರಿಂದಲೇ ಕಾನೂನಿದೆ. ನಿಮಗೇನು ನಷ್ಟವಾಯಿತು ಅಂತ ಪಾರ್ಕಿನವರು ವಾದಿಸಿದರು. ನಷ್ಟ ತೋರಿಸುವ ಅಗತ್ಯವಿಲ್ಲ, ಒಪ್ಪಿಗೆ ಇಲ್ಲದೆ ತಗೊಂಡದ್ದೇ ಸಾಕು, ದಾವೆ ಹೂಡಬಹುದು ಅಂತ 2019ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು. ಆ ಅಮ್ಮ ನಮ್ಮೂರಲ್ಲಿ ಇದ್ದಿದ್ದರೆ "ಇಷ್ಟಕ್ಕೆಲ್ಲ ಕೋರ್ಟಾ?" ಅಂತ ಸುಮ್ನೆ ಕೂರಿಸುತ್ತಿದ್ದೆವು.

ನಮ್ಮ ದೇಶದಲ್ಲೂ ವೈಯಕ್ತಿಕ ಮಾಹಿತಿ ಕಾಪಾಡಲು 2023ರಲ್ಲಿ ಕಾನೂನು ಮಾಡಿದ್ದಾರೆ. ಅದರ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಸಲು ಅಪ್ಪ ಅಮ್ಮನ ಒಪ್ಪಿಗೆ ಬೇಕು.

ನನ್ನ ಮಗ 8ನೇ ಕ್ಲಾಸು. ಈ ಸಲ ಶಾಲೆಯವರು ಬೆಂಗಳೂರು ಕಡೆ ಪ್ರವಾಸ ಇಟ್ಟಿದ್ದಾರೆ, ಒಂದು ದಿನ ಪಾರ್ಕಿಗಂತೆ. ಒಪ್ಪಿಗೆ ಪತ್ರ ಮನೆಗೆ ಬಂತು. ಸಹಿ ಹಾಕುವ ಮೊದಲು ಕೆಳಗೊಂದು ಸಾಲು ಬರೆದೆ: "ಎಲ್ಲಾದರೂ ಬೆರಳಿನ ಗುರುತು ಕೇಳಿದರೆ ಮೊದಲು ನನಗೆ ಫೋನ್ ಮಾಡಿ." ಮೇಷ್ಟ್ರು ಓದಿ, "ಏನು ಸ್ವಾಮಿ, ದಿನಾ ನಮ್ಮ ಹೆಬ್ಬೆಟ್ಟು ಒತ್ತಿಸೋರು ನೀವೇ" ಅಂತ ನಕ್ಕು ಫೈಲಿಗೆ ಹಾಕಿಕೊಂಡರು.