ಎರಡನೇ ಅಂಕದ ಮೌನ

ಮೈಕೆಲ್ ಫ್ರೇನ್ ಅವರ ‘ನಾಯ್ಸಸ್ ಆಫ್’ ಪ್ರಹಸನವನ್ನು ನಮ್ಮ ಹವ್ಯಾಸಿ ತಂಡ ಕೈಗೆತ್ತಿಕೊಂಡಾಗ ರಂಗಪರಿಕರಗಳ ಹೊಣೆ ನನ್ನ ಪಾಲಿಗೆ ಬಂತು. 1982ರಲ್ಲಿ ಲಂಡನ್ನಿನಲ್ಲಿ ರಂಗಕ್ಕೆ ಬಂದ ಈ ನಾಟಕ ಹುಟ್ಟಿದ ಬಗೆಯೇ ನನಗೆ ಬಲು ಇಷ್ಟ. ಫ್ರೇನ್ ಒಮ್ಮೆ ತಮ್ಮದೇ ನಾಟಕವನ್ನು ಸೈಡ್‌ವಿಂಗಿನಲ್ಲಿ, ಅಂದರೆ ರಂಗದ ಪಕ್ಕದ ಮರೆಯಲ್ಲಿ, ನಿಂತು ನೋಡಿದರಂತೆ. ಎದುರಿಗಿಂತ ಹಿಂದಿನಿಂದಲೇ ಹೆಚ್ಚು ನಗು ಬಂತಂತೆ.

ಇದು ನಾಟಕವಾಡುವ ಒಂದು ತಂಡದ ಕಥೆ. ಮೂರು ಅಂಕಗಳಲ್ಲೂ ಆ ತಂಡ ಆಡುವುದು ಒಂದೇ ನಾಟಕದ ಒಂದೇ ಭಾಗ. ಮೊದಲು ತಾಲೀಮು, ಆಮೇಲೆ ನೇಪಥ್ಯದಿಂದ ಕಾಣುವ ಪ್ರದರ್ಶನ, ಕೊನೆಗೆ ಎಲ್ಲ ಕುಸಿದ ಮೇಲಿನ ಪ್ರದರ್ಶನ. ಅದಕ್ಕಾಗಿ ಎರಡು ಅಂತಸ್ತಿನ ಸೆಟ್ಟನ್ನೇ ಪೂರ್ತಿ ತಿರುಗಿಸಬೇಕು. ಅದು ಮೈಮುರಿಯುವ ಕೆಲಸ, ಅಷ್ಟೆ.

ನಿಜವಾದ ಕಷ್ಟ ಎರಡನೇ ಅಂಕ. ಗೋಡೆಯ ಆಚೆ ‘ನಾಟಕ’ ನಡೆಯುತ್ತಿದೆ. ಈಚೆ, ನಮ್ಮ ಪ್ರೇಕ್ಷಕರ ಕಣ್ಣೆದುರು, ಆ ತಂಡದವರ ಜಗಳವೆಲ್ಲ ಮೂಕಾಭಿನಯದಲ್ಲಿ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೊಡಲಿ, ವಿಸ್ಕಿ ಬಾಟಲಿ, ಹೂಗುಚ್ಛ ದಾಟುತ್ತವೆ. ಸಾರ್ಡೀನ್ ಮೀನಿನ ತಟ್ಟೆಯಂತೂ ನಾಟಕದುದ್ದಕ್ಕೂ ಓಡಾಡುತ್ತದೆ. ಯಾವ ಬಾಗಿಲಿನಿಂದ ಯಾರು, ಕೈಯಲ್ಲಿ ಏನು ಎಂದು ಬರೆದ ಪಟ್ಟಿಯನ್ನು ಪ್ರತಿ ಬಾಗಿಲಿನ ಹಿಂದೆಯೂ ಅಂಟಿಸಿದ್ದೆ. ದುರಂತ ನಾಟಕದಲ್ಲಿ ನಟ ಅರೆಕ್ಷಣ ತಡಮಾಡಿದರೆ ಅದೂ ಭಾವವಾಗಿ ಸಲ್ಲಬಹುದು. ಇಲ್ಲಿ ಆ ಅರೆಕ್ಷಣಕ್ಕೆ ನಗುವೇ ಸತ್ತುಹೋಗುತ್ತದೆ. ಹಾಸ್ಯ ಸುಲಭ ಎನ್ನುವವರನ್ನು ಈ ಅಂಕದ ತಾಲೀಮಿಗೆ ಕರೆದು ಕೂರಿಸಬೇಕು.

ಹಗಲೆಲ್ಲ ಕಚೇರಿಯಲ್ಲಿ ದುಡಿದು ಬಂದ ನಟರು ಹೆಜ್ಜೆ ಎಣಿಸುತ್ತ ಅದನ್ನು ಕಲಿತರು. ಆದರೆ ಖಾಲಿ ಕುರ್ಚಿಗಳು ನಗುವುದಿಲ್ಲವಲ್ಲ! ಮೊದಲ ಪ್ರದರ್ಶನದಲ್ಲಿ ಕೊಡಲಿ ಕೈ ಬದಲಾಯಿಸಿದ ಗಳಿಗೆಗೆ ಸಭಾಂಗಣ ಸಿಡಿಯಿತು. ಆ ನಗುವಿನಲ್ಲಿ ಗೋಡೆಯಾಚೆಯ ಮಾತು ಮುಳುಗಿತು. ಆ ಮಾತೇ ಈಚೆಯ ನಟಿಗೆ ಸೂಚನೆ. ಅವಳು ಕದಲಲಿಲ್ಲ. ಆಚೆಯ ನಟನೂ ಗಾಬರಿಯಾಗದೆ ನಗು ಏರಲು ಬಿಟ್ಟ. ಅದು ಇಳಿಯತೊಡಗಿದಾಗ, ಪೂರ್ತಿ ಆರುವ ಮೊದಲೇ, ಅದೇ ಮಾತನ್ನು ಮತ್ತೆ ಎತ್ತಿದ. ಬಾಗಿಲು ತೆರೆಯಿತು, ತಟ್ಟೆ ಒಳಗೆ ಹೋಯಿತು. ಯಾವ ನಿರ್ದೇಶಕನೂ ಹೇಳಿಕೊಡಲಾಗದ ಈ ಕಾಯುವಿಕೆಯನ್ನು ಅವರಿಬ್ಬರೂ ಅಲ್ಲೇ, ಒಬ್ಬರ ಮುಖ ಒಬ್ಬರಿಗೆ ಕಾಣದೆಯೇ ಕಂಡುಕೊಂಡಿದ್ದರು. ನನಗೆ ಕಣ್ಣು ತುಂಬಿ ಬಂತು.

ಮರುದಿನ ಆ ಜಾಗದ ಸೂಚನೆಯನ್ನು ಮಾತಿನಿಂದ ಬಾಗಿಲಿನ ಹಿಡಿಕೆಗೆ ಬದಲಾಯಿಸಿದೆವು. ಆಚೆಯವನು ಹಿಡಿಕೆ ತಿರುವಿದರೆ ಸಾಕು, ಎಷ್ಟೇ ನಗುವಿದ್ದರೂ ಅದು ಅವಳಿಗೆ ಕಾಣುತ್ತಿತ್ತು.