ಗ್ಲುಕಗಾನ್ ಎಲ್ಲಿಗೆ ಹೋಯಿತು?

ಪೆಪ್ಟೈಡ್ ಹಾರ್ಮೋನುಗಳ ಜೊತೆ ಇಪ್ಪತ್ತು ವರ್ಷ ಕಳೆದಿದ್ದೇನೆ. ಆದರೂ ರಕ್ತದ ಸಕ್ಕರೆ ಏರಿಸುವ, 29 ಅಮೈನೋ ಆಮ್ಲಗಳ ಪುಟ್ಟ ಹಾರ್ಮೋನು ಗ್ಲುಕಗಾನ್ ಒಂದೂವರೆ ತಿಂಗಳು ನನ್ನನ್ನು ಆಟ ಆಡಿಸಿತು. ಈಗ ನೆನೆದರೆ ನಗು ಬರುತ್ತದೆ. ಆಗ ಬಂದಿರಲಿಲ್ಲ.

ನಮ್ಮ ಪಿಎಚ್‌ಡಿ ಹುಡುಗಿ ವಾರಕ್ಕೊಮ್ಮೆ ಹೆಕ್ ಕೋಶಗಳಲ್ಲಿ (ಲ್ಯಾಬಿನಲ್ಲಿ ಬೆಳೆಸುವ ಮಾನವ ಕೋಶಗಳು) ಸೈಕ್ಲಿಕ್ ಎಎಂಪಿ ಅಳೆಯುತ್ತಿದ್ದಳು. ಹಾರ್ಮೋನು ರಿಸೆಪ್ಟರಿಗೆ ಅಂಟಿದಾಗ ಕೋಶದೊಳಗೆ ಏರುವ ಸಂದೇಶದ ಅಣು ಅದು. ರಾತ್ರಿ ಸೀರಮ್ ಇಲ್ಲದೆ ಕೋಶಗಳಿಗೆ ಉಪವಾಸ, ಬೆಳಿಗ್ಗೆ ಸೈಕ್ಲಿಕ್ ಎಎಂಪಿ ಒಡೆಯದಂತೆ ತಡೆಯುವ ಐಬಿಎಂಎಕ್ಸ್, ಆಮೇಲೆ ಗ್ಲುಕಗಾನ್ ಡೋಸ್. ನಮ್ಮಲ್ಲಿ ಇಸಿ50, ಅಂದರೆ ಗರಿಷ್ಠದ ಅರ್ಧ ಪರಿಣಾಮಕ್ಕೆ ಬೇಕಾದ ಸಾಂದ್ರತೆ, ಯಾವಾಗಲೂ ಒಂದು ನ್ಯಾನೋಮೋಲಾರ್ ಆಸುಪಾಸಿನಲ್ಲೇ ಇರುತ್ತಿತ್ತು. ಒಂದು ಸೋಮವಾರ ಅದು ಮೂವತ್ತಕ್ಕೆ ಏರಿತು, ಹಾರ್ಮೋನು ಮೂವತ್ತು ಪಟ್ಟು ದುರ್ಬಲವಾದಂತೆ. ಮುಂದಿನ ವಾರವೂ ಅಷ್ಟೇ.

ಮೊದಲು, ಹಾರ್ಮೋನನ್ನು ಟ್ಯೂಬಿನಿಂದ ಟ್ಯೂಬಿಗೆ ತೆಳು ಮಾಡುತ್ತ ಹೋಗುವ ಅವಳ ಕೈಯನ್ನೇ ಅನುಮಾನಿಸಿದೆ. ‘ಸೀರಿಯಲ್ ಡೈಲ್ಯೂಶನ್ ಮಾಡುವಾಗ ಟಿಪ್ ಬದಲಾಯಿಸ್ತೀಯಾ ಇಲ್ವಾ?’ ಅಂತ ಎಲ್ಲರೆದುರೇ ಕೇಳಿದೆ. ಅವಳು ಬದಲಾಯಿಸುತ್ತಿದ್ದಳು. ಪಿಪೆಟ್ ತೂಕ ಮಾಡಿ ನೋಡಿದಳು, ಸರಿಯಿತ್ತು. ಹಾರ್ಮೋನಿನ ಹೊಸ ಅಲಿಕ್ವಾಟ್ (ಹಂಚಿಟ್ಟ ಪಾಲು) ತೆಗೆದಳು, ಕಡಿಮೆ ಸಲ ಬೆಳೆಸಿದ ಕೋಶ ಎಬ್ಬಿಸಿದಳು. ಮತ್ತೆ ಮೂವತ್ತು. ರಿಸೆಪ್ಟರ್ ಬಿಟ್ಟು, ಸೈಕ್ಲಿಕ್ ಎಎಂಪಿ ತಯಾರಿಸುವ ಸೈಕ್ಲೇಸ್ ಕಿಣ್ವವನ್ನೇ ನೇರ ಎಬ್ಬಿಸುವ ಫೋರ್ಸ್ಕೋಲಿನ್ ಹಾಕಿದ ಬಾವಿಗಳು (ತಟ್ಟೆಯ ಗುಳಿಗಳು) ಮಾತ್ರ ಎಂದಿನಂತೆ ಹೊಳೆಯುತ್ತಿದ್ದವು. ಅಂದರೆ ಸೈಕ್ಲೇಸ್ ಚೆನ್ನಾಗಿದೆ, ಕಿಟ್ಟೂ ಚೆನ್ನಾಗಿದೆ. ಇನ್ನು ಉಳಿದಿದ್ದು ಎರಡೇ: ರಿಸೆಪ್ಟರ್ ಅಥವಾ ಹಾರ್ಮೋನು.

ನಾನು ರಿಸೆಪ್ಟರನ್ನು ಹಿಡಿದುಕೊಂಡೆ. ಯಾಕೆಂದರೆ ಡೀಸೆನ್ಸಿಟೈಸೇಷನ್, ಅಂದರೆ ರಿಸೆಪ್ಟರ್ ಹಾರ್ಮೋನಿಗೆ ಜಡ್ಡುಗಟ್ಟುವುದು, ನನ್ನ ಹಳೇ ಹುಚ್ಚು. ಕಾಮಾಲೆ ಕಣ್ಣಿಗೆ ಜಗವೆಲ್ಲ ಹಳದಿ, ಅಲ್ವಾ? ಡೋಸಿಗೆ ತಕ್ಕ ಪರಿಣಾಮದ ಕರ್ವ್ ಮಾತ್ರ ಬೇರೇನೋ ಹೇಳುತ್ತಿತ್ತು. ರಿಸೆಪ್ಟರ್ ಜಡ್ಡುಗಟ್ಟಿದ್ದರೆ ಸಾಮಾನ್ಯವಾಗಿ ಇಳಿಯುವ ಗರಿಷ್ಠ ಮಟ್ಟ ಒಂದಿಷ್ಟೂ ಇಳಿದಿರಲಿಲ್ಲ. ಇಳಿಜಾರು ಗೋಡೆಯಂತೆ ಕಡಿದಾಗಿತ್ತು, ಅದನ್ನು ಅಳೆಯುವ ಹಿಲ್ ಸ್ಲೋಪ್ ಒಂದರ ಆಸುಪಾಸು ಇರುವ ಬದಲು ಎರಡಕ್ಕಿಂತ ಮೇಲೆ. ಎರಡನ್ನೂ ಕಣ್ಣಾರೆ ನೋಡಿದ್ದೆ. ‘ಆಸಕ್ತಿಕರ’ ಅಂತ ನೋಟ್‌ಬುಕ್ಕಿನಲ್ಲಿ ಬರೆದು ಮುಂದೆ ಹೋದೆ.

ಶುಕ್ರವಾರದ ಲ್ಯಾಬ್ ಮೀಟಿಂಗಿಗೆ ಹನ್ನೆರಡು ಸ್ಲೈಡ್ ಮಾಡಿಕೊಂಡು ಹೋದೆ. ರಿಸೆಪ್ಟರನ್ನು ಸುಮ್ಮನಾಗಿಸುವ ಅರೆಸ್ಟಿನ್ ಪ್ರೋಟೀನು, ಬಾಣ, ಬಣ್ಣ ಎಲ್ಲ ಇತ್ತು. ಏಳನೇ ಸ್ಲೈಡಿಗೆ ಅವಳು ಕೈ ಎತ್ತಿದಳು.

‘ಸರ್, ನಾನೊಂದು ಪ್ಲಾಟ್ ತೋರಿಸಲಾ?’

ಬೇಡ ಅನ್ನಬೇಕು ಅನ್ನಿಸಿತು. ಅನ್ನಲಿಲ್ಲ, ಪುಣ್ಯ.

ಹತ್ತು ನ್ಯಾನೋಮೋಲಾರ್ ಗ್ಲುಕಗಾನನ್ನು ಒಂದು ಖಾಲಿ ಟ್ಯೂಬಿಗೆ ಹಾಕಿ ಹತ್ತು ನಿಮಿಷ ಇಟ್ಟಿದ್ದಳು. ಅಲ್ಲಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ, ಹೀಗೆ ಐದು ಟ್ಯೂಬು. ಡೈಲ್ಯೂಶನ್ನೇ ಇಲ್ಲ, ಬರೀ ಸ್ಥಳಾಂತರ. ಪ್ರತಿ ಟ್ಯೂಬಿನಿಂದಲೂ ಸ್ವಲ್ಪ ತೆಗೆದು ಕೋಶಗಳಿಗೆ ಹಾಕಿದ್ದಳು. ಕಂಬಗಳು ಮೆಟ್ಟಿಲಿನಂತೆ ಇಳಿದಿದ್ದವು. ಐದನೆಯದು ನೆಲಕ್ಕೆ ಅಂಟಿಕೊಂಡಿತ್ತು. ಪಕ್ಕದಲ್ಲೇ 0.1% ಬಿಎಸ್‌ಎ (ದನದ ರಕ್ತದ ಆಲ್ಬುಮಿನ್ ಪ್ರೋಟೀನು) ಹಾಕಿ ಮಾಡಿದ ಇನ್ನೈದು ಕಂಬ, ಎಲ್ಲವೂ ಒಂದೇ ಎತ್ತರ.

ಯಾರೂ ಮಾತಾಡಲಿಲ್ಲ. ಪ್ರೊಜೆಕ್ಟರ್ ಫ್ಯಾನ್ ಸದ್ದು ಮಾತ್ರ.

‘ಬಫರ್‌ನಲ್ಲಿ ಬಿಎಸ್‌ಎ ಇರಲೇ ಇಲ್ವಾ? ಯಾವ ಬಫರ್ ಅದು?’ ಅಂತ ಕೇಳಿದೆ. ದನಿಯಲ್ಲಿ ಇನ್ನೂ ಗತ್ತಿತ್ತು.

‘ಕೋಲ್ಡ್ ರೂಮಿನ ಎರಡನೇ ಶೆಲ್ಫಿನದು ಸರ್. ನೀಲಿ ಮುಚ್ಚಳದ ಸೀಸೆ.’

ಹೊಟ್ಟೆಯೊಳಗೆ ಏನೋ ಜಾರಿತು. ಆ ಸೀಸೆ ನನ್ನದು. ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್‌ಗೆ ಅಂತ ಮಾಡಿದ್ದೆ. ಅಲ್ಲಿ ಬಿಎಸ್‌ಎ ಇದ್ದರೆ ಪೆಪ್ಟೈಡಿನ ಸಿಗ್ನಲ್ ಮುಳುಗಿಹೋಗುತ್ತದೆ, ಅದಕ್ಕೇ ಬಿಟ್ಟಿದ್ದೆ. ಲೇಬಲ್ ಮೇಲೆ ನಾನು ಬರೆದಿದ್ದು ತಾರೀಖು ಮತ್ತು ‘ಬಫರ್’ ಅನ್ನೋ ಒಂದೇ ಪದ.

ಗ್ಲುಕಗಾನ್ ಹೋದದ್ದು ಟ್ಯೂಬಿನ ಗೋಡೆಗೆ. ಕರ್ವ್ ಕಡಿದಾದದ್ದೂ ಇದರಿಂದಲೇ. ಟ್ಯೂಬಿನ ಗೋಡೆ ಹಿಡಿದುಕೊಳ್ಳುವ ಪೆಪ್ಟೈಡಿಗೆ ಒಂದು ಮಿತಿ ಇದೆ. ಮೈಕ್ರೋಮೋಲಾರ್ ದ್ರಾವಣದಲ್ಲಿ ಅಷ್ಟು ಹೋದರೆ ಗೊತ್ತೇ ಆಗುವುದಿಲ್ಲ. ನ್ಯಾನೋಮೋಲಾರ್‌ನಲ್ಲಿ ಬಹುಪಾಲು ಗೋಡೆಯ ಪಾಲು. ಬಿಎಸ್‌ಎ ಇದ್ದರೆ ಅದೇ ಮೊದಲು ಹೋಗಿ ಆ ಜಾಗ ಹಿಡಿದುಕೊಳ್ಳುತ್ತದೆ. ಇದು ನಾನೇ ಪ್ರತಿ ವರ್ಷ ಹೊಸಬರಿಗೆ ಹೇಳುವ ಪಾಠ.

ಅಮೆರಿಕದ ಜೀವರಸಾಯನ ವಿಜ್ಞಾನಿ ಮಾರ್ಟಿನ್ ರಾಡ್‌ಬೆಲ್ ಕಥೆಯನ್ನೂ ನಾನೇ ಹೇಳುತ್ತೇನೆ. ಇದೇ ಗ್ಲುಕಗಾನ್, ಯಕೃತ್ತಿನ ಪೊರೆಗಳು. ಅವರು ಬಳಸುತ್ತಿದ್ದ ಎಟಿಪಿಯಲ್ಲಿ ಅದರದೇ ಬಳಗದ ಅಣು ಜಿಟಿಪಿ ಕಲಬೆರಕೆ ಇತ್ತು. ಕೆಲಸ ಮಾಡುತ್ತಿದ್ದುದು ಜಿಟಿಪಿ ಅಂತ ಅವರು ಹಿಡಿದರು. ಆ ದಾರಿ ರಿಸೆಪ್ಟರಿನ ಸಂದೇಶವನ್ನು ಒಳಕ್ಕೆ ದಾಟಿಸುವ ಜಿ ಪ್ರೋಟೀನುಗಳವರೆಗೆ ಹೋಯಿತು, 1994ರಲ್ಲಿ ಆಲ್ಫ್ರೆಡ್ ಗಿಲ್ಮನ್ ಜೊತೆ ನೊಬೆಲ್ ಬಂತು. ಅವರು ಸೀಸೆಯೊಳಗೆ ಇರಬಾರದ್ದನ್ನು ಕಂಡುಹಿಡಿದರು. ನಾನು ನನ್ನದೇ ಸೀಸೆಯೊಳಗೆ ಇಲ್ಲದ್ದನ್ನು ಕಾಣಲಿಲ್ಲ.

ಖರೀದಿ ವಿಭಾಗದ ಮೇಲೂ ನನಗೆ ಸಿಟ್ಟಿದೆ. ಪೆಪ್ಟೈಡ್ ಕಡಿಮೆ ಅಂಟುವ ಲೋ-ಬೈಂಡ್ ಟ್ಯೂಬ್ ಕೇಳಿ ಮೂರು ಸಲ ಇಂಡೆಂಟ್ ಹಾಕಿದ್ದೆ. ಮೂರು ಸಲವೂ ‘ಸಾಮಾನ್ಯ ಟ್ಯೂಬ್ ಸ್ಟಾಕಿನಲ್ಲಿದೆ’ ಅಂತ ವಾಪಸ್ ಬಂತು. ಆದರೆ ಸೀಸೆಗೆ ಲೇಬಲ್ ಬರೆದದ್ದು ಅವರಲ್ಲ.

ಮೀಟಿಂಗ್ ಮುಗಿದ ಮೇಲೆ ಅವಳ ಬೆಂಚಿನ ಹತ್ತಿರ ಹೋಗಿ ಕ್ಷಮೆ ಕೇಳಿದೆ. ಬೈದದ್ದು ಎಲ್ಲರೆದುರು, ಕ್ಷಮೆ ಕೇಳಿದ್ದು ಒಬ್ಬಳೇ ಇದ್ದಾಗ. ಅದನ್ನು ಸರಿಮಾಡಲು ಇನ್ನೊಂದು ಶುಕ್ರವಾರ ಬೇಕಾಯಿತು. ‘ಪರವಾಗಿಲ್ಲ ಸರ್’ ಅಂದಳು, ಟಿಪ್ ಬದಲಾಯಿಸುತ್ತಲೇ.

ನೀಲಿ ಮುಚ್ಚಳದ ಸೀಸೆ ಇನ್ನೂ ಎರಡನೇ ಶೆಲ್ಫಿನಲ್ಲಿದೆ. ನನ್ನ ‘ಬಫರ್’ ಕೆಳಗೆ ಯಾರೋ ಕೆಂಪು ಮಾರ್ಕರಿನಲ್ಲಿ ‘ಯಾವುದು?’ ಅಂತ ಬರೆದಿದ್ದಾರೆ. ಕೈಬರಹ ಯಾರದು ಅಂತ ನಾನು ಕೇಳಿಲ್ಲ.